ಆಗೊಕೋಪೆಯ ಬಲೆಗೆ ಬಿದ್ದ ಬಂಗಡೆ

ನಮ್ಮ ಆಗೊಕೋಪೆಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸರೋವರ. ನಡುವೆ ಉಳಿದ ಮರಳಿನ ಪಟ್ಟಿಯ ಮೇಲೆ ನಾವು. ಎರಡು ಕಡೆ ನೀರಿದ್ದವರು ಮೀನುಗಾರರಲ್ಲದೆ ಮತ್ತೇನಾಗಲು ಸಾಧ್ಯ ಎಂದು ನಮ್ಮ ಗಂಡಸರು ಎದೆಯುಬ್ಬಿಸಿ ಹೇಳುತ್ತಾರೆ. ಹೇಳುವುದಕ್ಕೆ ಖರ್ಚಿಲ್ಲವಲ್ಲ. ಊರು ತಿನ್ನುವ ಮೀನು ಮಾತ್ರ ತೆಮಾ ಬಂದರಿನ ಐಸ್ ಗೋದಾಮಿನಿಂದ, ರಟ್ಟಿನ ಪೆಟ್ಟಿಗೆಯಲ್ಲಿ, ಲಾರಿ ಹತ್ತಿ ಬರುತ್ತದೆ. ಅದನ್ನು ಮೊದಲು ತಂದವಳು ಸೆಫಾಕೋರ್. ಅವಳನ್ನು ಬೈಯದವರು ಊರಿನಲ್ಲಿಲ್ಲ. ಅವಳ ಮೀನು ತಿನ್ನದವರೂ ಇಲ್ಲ.

ಮೀನಿಗೆ ಹೊಗೆ ಹಾಕಿ ಒಣಗಿಸುವ ಅವಳ ಒಲೆಗಳ ಅಂಗಳಕ್ಕೂ ನನ್ನ ಮಗ್ಗಕ್ಕೂ ನಡುವೆ ಒಂದು ತಾಳೆಗರಿಯ ಬೇಲಿ ಅಷ್ಟೆ. ಹಾಗಾಗಿ ಅವಳ ಬಾಯಿಯೂ ಅವಳ ಹೊಗೆಯೂ ನನಗೆ ಸಮಾನವಾಗಿ ಪರಿಚಯ. ಎರಡೂ ಕಣ್ಣಲ್ಲಿ ನೀರು ತರಿಸುತ್ತವೆ.

ಅವಳ ಅಪ್ಪನಿಗೆ ಸ್ವಂತ ರಂಪಣಿ ಬಲೆಯಿತ್ತು. ದಡದಲ್ಲಿ ಎರಡು ಸಾಲು ಜನ ನಿಂತು ಹಾಡಿಕೊಂಡು ಎಳೆಯುವ ದೊಡ್ಡ ಬಲೆ. ಆಗ ಸಮುದ್ರಕ್ಕೆ ದಯೆಯಿತ್ತು. ಬಲೆಯ ಚೀಲ ಮರಳಿಗೆ ಬಂದು ಬಿದ್ದಾಗ ಸಣ್ಣ ಬೆಳ್ಳಿಮೀನು ಮೊಣಕಾಲೆತ್ತರಕ್ಕೆ ಹರಡುತ್ತಿತ್ತಂತೆ, ಊರಿನ ಹುಡುಗಿಯರು ಬೋಗುಣಿ ಹಿಡಿದು ಓಡುತ್ತಿದ್ದರಂತೆ. ಸೆಫಾಕೋರ್ ಎಲ್ಲರಿಗಿಂತ ಮುಂದೆ ಓಡುವವಳು, ಪಕ್ಕದವಳಿಗೆ ಮೊಣಕೈಯಿಂದ ತಿವಿಯುವುದರಲ್ಲೂ ಮುಂದು. ಮುಂದೆ ಟ್ರಾಲರುಗಳು ಬಂದವು. ರಾತ್ರಿಯಿಡೀ ದೀಪ ಉರಿಸಿ ಕಡಲನ್ನು ಗುಡಿಸಿಕೊಂಡು ಹೋದವು. ಅಪ್ಪ ಸತ್ತ, ಬಲೆ ಕೊಳೆಯಿತು. ಅವಳನ್ನು ಕೈಹಿಡಿದ ಕೊರ್ಕು ಎಂಬ ಬೆಸ್ತ, ಮೀನು ಎಲ್ಲಿದೆಯೋ ಅಲ್ಲಿಗೆ ಎಂದು ಒಂದು ತಂಡದ ಜೊತೆ ದೋಣಿ ಹತ್ತಿ ಕಾಂಗೋ ಕಡೆಗೆ ಹೋದ. ಅಲ್ಲಿಂದ ಒಂದು ಗಜ ಬಟ್ಟೆ ಕಳಿಸಿದ. ಆಮೇಲೆ ಅಲ್ಲೇ ಇನ್ನೊಬ್ಬಳ ಜೊತೆ ಮನೆ ಹೂಡಿದ ಸುದ್ದಿ ಕಳಿಸಿದ. ಸೆಫಾಕೋರ್ ಅಳಲಿಲ್ಲ. ಆ ಬಟ್ಟೆಯಲ್ಲಿ ಬಿಸಿ ಜಾಲರಿ ಹಿಡಿದು ಒಲೆಯಿಂದ ಇಳಿಸುತ್ತಿದ್ದಳು, ಅದು ಸುಟ್ಟು ಬೂದಿಯಾಗುವ ತನಕ.

ಮೀನಿಲ್ಲದ ಊರಿನಲ್ಲಿ ಮೀನಿಗೆ ಹೊಗೆ ಹಾಕುವವಳು ಏನು ಮಾಡಬೇಕು? ಉಳಿದ ಹೆಂಗಸರು ದಡದಲ್ಲಿ ಕೂತು ಸಮುದ್ರವನ್ನು ಬೈದರು. ಇವಳು ತೆಮಾಗೆ ಹೋಗುವ ಲಾರಿ ಹತ್ತಿದಳು. ಮಾರನೆಯ ದಿನ ಕಲ್ಲಿನಂತೆ ಗಟ್ಟಿಯಾದ ಬಂಗಡೆಯ ಪೆಟ್ಟಿಗೆಗಳೊಂದಿಗೆ ಇಳಿದಳು. ಮೀನುಗಾರರ ಮುಖ್ಯಸ್ಥ ಗಾಮೆಲಿ ತನ್ನ ಆಳುಗಳೊಂದಿಗೆ ತೆಂಗಿನ ಮೋಟುಗಳ ಕೆಳಗೆ ಕೂತಿದ್ದ. ರೋಗ ಬಂದು ತೆಂಗಿನ ಮರಗಳ ತಲೆಯೆಲ್ಲ ಉದುರಿ ಮೋಟು ಮಾತ್ರ ಉಳಿದು ವರ್ಷಗಳಾಗಿದ್ದವು. ಅದರಡಿ ನೆರಳಿಲ್ಲ, ಆದರೂ ಅಭ್ಯಾಸ ಬಲದಿಂದ ನಮ್ಮ ಗಂಡಸರು ಅಲ್ಲೇ ಕೂರುತ್ತಾರೆ.

"ಇದೇನೇ ಸೆಫಾಕೋರ್, ಹೆಣದ ಮನೆಯಿಂದ ತಂದ್ಯಾ?" ಎಂದ ಗಾಮೆಲಿ. ಎಲ್ಲರೂ ನಕ್ಕರು.

"ಹೂಂ ಎಫೊ," ಎಂದಳು ಅವಳು. ಎಫೊ ಎಂದರೆ ನಮ್ಮಲ್ಲಿ ಅಣ್ಣ. ಅವಳ ಬಾಯಲ್ಲಿ ಮಾತ್ರ ಅದು ಬೈಗುಳದ ಹಾಗೆ ಕೇಳಿಸುತ್ತಿತ್ತು. "ನಿಮ್ಮ ಬಲೇಲಿ ಜೀವ ಇರೋದು ಏನಾದ್ರೂ ಬಿದ್ದ ದಿನ ಕರೀರಿ. ಇವನ್ನ ಅವತ್ತೇ ಮಣ್ಣು ಮಾಡಿ ಬರ್ತೀನಿ."

ಅಂದಿನಿಂದ ಅವಳಿಗೆ 'ಹೆಣದ ಮೀನಿನವಳು' ಎಂದು ಹೆಸರು ಬಿತ್ತು. ಹೆಸರಿಟ್ಟವರ ಮನೆಯಲ್ಲೇ ವಾರದೊಳಗೆ ಅಕ್ಪ್ಲೆ ಮುದ್ದೆಯ ಪಕ್ಕ ಮೆಣಸಿನ ಗೊಜ್ಜಿನಲ್ಲಿ ಅದೇ ಹೆಣ ಬಿದ್ದುಕೊಂಡಿತ್ತು. ವರ್ಷ ಕಳೆಯುವಷ್ಟರಲ್ಲಿ ಊರಿನ ಹೊಗೆ ಒಲೆಗಳೆಲ್ಲ ತೆಮಾದ ಬಂಗಡೆಯಿಂದಲೇ ಉರಿಯತೊಡಗಿದವು.

ಇವಳೇನು ಸಾಧ್ವಿಯಲ್ಲ. ಹೆದ್ದಾರಿಯಲ್ಲಿ ವ್ಯಾನು ನಿಂತ ತಕ್ಷಣ ತಟ್ಟೆ ಹೊತ್ತು ಓಡಿ, "ಅಮ್ಮಾ, ನಮ್ಮ ಸಮುದ್ರದ್ದು, ಇವತ್ತು ಬೆಳಿಗ್ಗೆ ಈಜ್ತಾ ಇತ್ತು!" ಎಂದು ಕೂಗುವಳು. ತೆಮಾದಿಂದಲೇ ಬಂದ ಪ್ರಯಾಣಿಕರು ತೆಮಾದ ಮೀನನ್ನೇ ಕೊಂಡು, ಕಡಲೂರಿನ ರುಚಿಯೇ ಬೇರೆ ಎಂದು ಬೆರಳು ನೆಕ್ಕಿಕೊಂಡು ಹೋಗುವರು. ಕೈಕೆಳಗಿನ ಹೆಂಗಸರಿಗೆ ಕೂಲಿಯ ಜೊತೆ ಮುರಿದ ತಲೆಗಳನ್ನು ಕೊಟ್ಟು, "ರುಚಿ ಎಲ್ಲಾ ತಲೇಲೇ ಇರೋದು ಕಣ್ರೇ" ಎನ್ನುವಳು. ಹಾಗಿದ್ದರೆ ತನಗೆ ನಡುಭಾಗ ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಮಾತ್ರ ಅವಳಿಗೆ ಸಿಗಲಿಲ್ಲ. ತಿಂಗಳಿಗೊಮ್ಮೆ ಸೇರುವ ಮೀನುಗಾರರ ಸಭೆಯಲ್ಲಿ ಅವಳ ಅಪ್ಪನಿಗೆ ಒಂದು ಪೀಠವಿತ್ತು. ಅಪ್ಪನ ನಂತರ ಅದನ್ನು ತನಗೆ ಕೊಡಿ ಎಂದು ಕೇಳಿದಳು. "ಬಲೆ ಇಲ್ಲದೋರಿಗೆ ಪೀಠ ಇಲ್ಲ" ಎಂದ ಗಾಮೆಲಿ. ಅವನ ಬಲೆಗೆ ತಿಂಗಳುಗಟ್ಟಲೆ ಪ್ಲಾಸ್ಟಿಕ್ ಚೀಲ ಬಿಟ್ಟು ಬೇರೇನೂ ಬಿದ್ದಿರಲಿಲ್ಲ ಎಂಬುದು ಬೇರೆ ಮಾತು.

ಹೀಗಿರುವಾಗ ರಾಜಧಾನಿಯಿಂದ ಸುದ್ದಿ ಬಂತು. ಕರಾವಳಿಯ ಒಂದು ಊರಿಗೆ ಮೀನು ಇಳಿಸುವ ಕಟ್ಟೆಯೂ ದೊಡ್ಡ ಐಸ್ ಮನೆಯೂ ಮಂಜೂರಾಗುತ್ತದೆ. ಯಾವ ಊರಿಗೆ ಎಂದು ನಿರ್ಧರಿಸಲು ಅಧಿಕಾರಿಗಳು ಬಂದು ಜನ ಏನು ಮಾಡುತ್ತಾರೆ, ಏನು ಬೆಳೆಯುತ್ತಾರೆ, ಹೇಗೆ ಬದುಕುತ್ತಾರೆ ಎಂದು ನೋಡುತ್ತಾರೆ. ನಮ್ಮ ಊರು, ಸರೋವರದ ಆಚೆ ತುದಿಯ ಕ್ಪೋಟಾ, ಎರಡರಲ್ಲಿ ಒಂದು.

ಊರಿನ ಕೌನ್ಸಿಲ್ ಸದಸ್ಯ ಸೆಲೋಮ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸದಾ ಇಸ್ತ್ರಿ ಮಾಡಿದ ಅಂಗಿ, ಮರಳಿನಲ್ಲೂ ಬೂಟು. ಗೆದ್ದ ಮೇಲೆ ಅವನು ಊರಿಗೆ ಮಾಡಿದ್ದೆಂದರೆ ಭಾಷಣ. ಮನೆಮನೆಗೆ ಬಂದು, "ನಾವು ಏನೂಂತ ಅವರಿಗೆ ತೋರಿಸ್ಬೇಕು" ಎಂದ. ನಾವು ಏನು ಎಂಬುದನ್ನು ತೋರಿಸಿದ್ದರೆ ಸಾಕಿತ್ತು. ಯಾರೂ ಅದನ್ನು ತೋರಿಸಲು ಸಿದ್ಧರಿರಲಿಲ್ಲ.

ನಮ್ಮ ಸರೋವರದ್ದು ಉಪ್ಪುನೀರು, ಬತ್ತಿದರೆ ದಡದಲ್ಲಿ ಉಪ್ಪು ಕಟ್ಟುತ್ತದೆ. ಆ ವರ್ಷ ಅದು ತುಂಬಿತ್ತು, ಆದ್ದರಿಂದ ಉಪ್ಪು ಕಟ್ಟಿರಲಿಲ್ಲ. ಅಂಗಡಿಯಿಂದ ಉಪ್ಪಿನ ಚೀಲ ತಂದು ದಡದಲ್ಲಿ ಸುರಿದು, ಪಕ್ಕದಲ್ಲಿ ಕೆರೆಯುವ ತಗಡು ಹಿಡಿದ ಮುದುಕಿಯರನ್ನು ಕೂರಿಸಿದರು. ಸಣ್ಣ ಈರುಳ್ಳಿ ಪಾತಿಗಳನ್ನು ಮಾಡುವವರಿಗೆ ತೊಳೆದ ಬಿಳಿ ಬಟ್ಟೆ ಹಾಕಿಕೊಂಡು ಮಣ್ಣು ಅಗೆಯಲು ಅಪ್ಪಣೆಯಾಯಿತು. ನನ್ನ ಮಗ್ಗವನ್ನು ನೆರಳಿನಿಂದ ಎತ್ತಿ ರಸ್ತೆ ಬದಿಯ ಬಿಸಿಲಿಗೆ ತಂದಿಟ್ಟರು.

"ಎಫೊ ಡೋಟ್ಸೆ, ಅವರು ಬಂದಾಗ ಜೋರಾಗಿ ನೇಯಬೇಕು. ಶಬ್ದ ಬರಬೇಕು," ಎಂದ ಸೆಲೋಮ್.

"ಶಬ್ದ ಬೇಕಿದ್ರೆ ಡೋಲು ತರಿಸಪ್ಪ, ಮಗ್ಗ ಯಾಕೆ?" ಎಂದೆ. ಅವನಿಗೆ ಅದು ಹಾಸ್ಯವೆಂದು ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಡೋಲೂ ಇರಲಿ" ಎಂದ.

ಉಳಿದದ್ದು ಮೀನು. ಗಾಮೆಲಿ ನಾಲ್ಕೈದು ದಿನ ಬಲೆ ಬಿಟ್ಟು ನೋಡಿದ. ಒಂದು ಚಪ್ಪಲಿ ಬಿತ್ತು, ಅದೂ ಎಡಗಾಲಿನದು. ಕೊನೆಗೆ ಅವನೂ ಸೆಲೋಮನೂ ಒಟ್ಟಿಗೆ ಬೇಲಿಯಾಚೆಯ ಅಂಗಳಕ್ಕೆ ಬಂದದ್ದನ್ನು ನಾನು ಗರಿಗಳ ಸಂದಿಯಿಂದ ನೋಡಿದೆ. ಸೆಫಾಕೋರ್ ಒಲೆಗೆ ಸೌದೆ ತುರುಕುತ್ತಿದ್ದಳು. ಎದ್ದು ನಿಲ್ಲಲಿಲ್ಲ, ಕೂರಿ ಎನ್ನಲಿಲ್ಲ.

"ದಾವಿ," ಎಂದು ಶುರು ಮಾಡಿದ ಸೆಲೋಮ್. ಅಕ್ಕಾ ಎಂದು ಯಾವತ್ತೂ ಕರೆಯದವನು. "ಊರಿನ ಮಾನದ ಪ್ರಶ್ನೆ. ನಿಮ್ಮ ಪೆಟ್ಟಿಗೆ ಮೀನು ಸ್ವಲ್ಪ ಬೇಕಾಗಿತ್ತು. ಬೆಳಿಗ್ಗೆ ಬಲೆಯ ಚೀಲಕ್ಕೆ ತುಂಬಿ ದೋಣಿಯಿಂದ ಬಿಟ್ರೆ, ಅವರು ಬಂದಾಗ ದಡಕ್ಕೆ ಎಳೀಬಹುದು."

"ಯಾರ ಮಾನ?"

"ಎಲ್ಲರದ್ದೂ."

"ನನ್ನದನ್ನ ಲೆಕ್ಕಕ್ಕೆ ಹಿಡೀಬೇಡ. ಹೆಣ ಮಾರೋಳಿಗೆ ಎಂಥ ಮಾನ?" ಗಾಮೆಲಿಯ ಕಡೆ ತಿರುಗಿದಳು. "ಎಫೊ ಯಾಕೆ ಬಾಯಿ ಬಿಡ್ತಿಲ್ಲ? ಸಮುದ್ರ ನುಂಗ್ತಾ?"

ಗಾಮೆಲಿ ಮರಳು ನೋಡುತ್ತ, "ಬೆಲೆ ಹೇಳು" ಎಂದ.

"ಅಪ್ಪನ ಪೀಠ."

ಹೊಗೆಯಲ್ಲಿ ಇಬ್ಬರೂ ಕೆಮ್ಮಿದರು. ಅವಳು ಕೆಮ್ಮಲಿಲ್ಲ. ಕೊನೆಗೆ ಗಾಮೆಲಿ ತಲೆಯಾಡಿಸಿದ. "ತಲೆ ಅಲ್ಲ, ಬಾಯಿ," ಎಂದಳು. "ಕೊಡ್ತೀನಿ" ಎಂದ. "ದಾವಿ ಅಂತ ಸೇರಿಸಿ." "ಕೊಡ್ತೀನಿ, ದಾವಿ." ಅವರಿಬ್ಬರೂ ಹೋದ ಮೇಲೆ ಬೇಲಿಯ ಕಡೆ ತಿರುಗಿ, "ಕೇಳಿಸ್ತಾ ಡೋಟ್ಸೆ? ಇಲ್ಲದಿದ್ರೆ ಇನ್ನೊಂದು ಸಲ ಕರೆದು ಹೇಳಿಸ್ಲಾ?" ಎಂದು ಕೂಗಿದಳು. ಅಂಥ ಖುಷಿಯಲ್ಲಿ ಅವಳನ್ನು ನಾನು ನೋಡಿರಲಿಲ್ಲ.

ಅಧಿಕಾರಿಗಳು ಬರುವ ಬೆಳಿಗ್ಗೆ ಮೀನು ಕರಗಬೇಕಿತ್ತಲ್ಲ. ಆ ಕೆಲಸಕ್ಕೆ ತನ್ನ ಹೆಂಗಸರನ್ನು ಕಳಿಸಲು ಸೆಫಾಕೋರ್ ಒಪ್ಪಲಿಲ್ಲ. ಹಾಗಾಗಿ ನಮ್ಮ ಕಡಲ ವೀರರೆಲ್ಲ ಸರೋವರದ ನೀರಿಗಿಳಿದು ಬಂಗಡೆಯ ಕಲ್ಲುಗಡ್ಡೆಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಬಿಡಿಸುತ್ತ ಕೂತರು. ಮರಗಟ್ಟಿದ ಬೆರಳುಗಳಿಗೆ ಬಾಯಿಂದ ಬಿಸಿಗಾಳಿ ಊದಿಕೊಳ್ಳುತ್ತಿದ್ದರು. ಅವಳು ದಡದಲ್ಲಿ ನಿಂತು, "ಬಾಲ ಮುರೀಬೇಡ್ರೋ! ಮೀನು ಹಿಡಿಯೋಕಂತೂ ಬರಲ್ಲ, ಮುಟ್ಟೋಕಾದ್ರೂ ಕಲೀರಿ" ಎನ್ನುತ್ತಿದ್ದಳು. ಅರ್ಧಂಬರ್ಧ ಕರಗಿದ್ದನ್ನೇ ಬಲೆಯ ಚೀಲಕ್ಕೆ ತುಂಬಿ, ದೋಣಿಯಲ್ಲಿ ಹೊತ್ತೊಯ್ದು ಅಲೆಗಳಾಚೆ ಬಿಟ್ಟು ಬಂದರು.

ಅಧಿಕಾರಿಗಳ ಜೀಪು ಬಂತು. ಮುಖ್ಯಸ್ಥೆ ಯಾಯ್ರಾ ಎಂಬ ಗುಡ್ಡದ ಕಡೆಯ ಹೆಂಗಸು. ನಮ್ಮದೇ ಭಾಷೆ, ರಾಗ ಮಾತ್ರ ಬೇರೆ. ಅಂಗಡಿ ಉಪ್ಪನ್ನು ನೋಡಿದಳು. ಬಿಳಿ ಬಟ್ಟೆಯಲ್ಲಿ ಅಗೆಯುವವರನ್ನು ನೋಡಿದಳು. ನನ್ನ ಮಗ್ಗದ ಮುಂದೆ ನಿಂತು ಡೋಲು ಯಾಕೆ ಎಂದು ಕೇಳಿದಳು. ಆಮೇಲೆ ಎಲ್ಲರೂ ಸಮುದ್ರದ ಕಡೆ ನಡೆದೆವು.

ಎರಡು ಹಗ್ಗ, ಎರಡು ಸಾಲು ಜನ. ಹಳೆಯ ಹಾಡು ಎತ್ತಿದರು. ವರ್ಷಗಳಿಂದ ಖಾಲಿ ಬಲೆಗೆ ಗೊಣಗಿಕೊಂಡು ಹಾಡುತ್ತಿದ್ದವರು ಅಂದು ಗಂಟಲು ಬಿಚ್ಚಿದರು. ಚೀಲದಲ್ಲಿ ಏನಿದೆ ಎಂದು ಪ್ರತಿಯೊಬ್ಬನಿಗೂ ಗೊತ್ತು, ಅವನ ಬೆರಳಿನ ಚುರುಚುರು ಇನ್ನೂ ಹೋಗಿಲ್ಲ. ಆದರೂ ಚೀಲ ಅಲೆಯಿಂದ ಎದ್ದು, ಬಿಸಿಲಿಗೆ ಬೆಳ್ಳಿಯ ಹಾಗೆ ಹೊಳೆದು, ಭಾರಕ್ಕೆ ಮರಳಿನ ಮೇಲೆ ಹೊರಳಿದಾಗ ಊರಿಗೆ ಊರೇ ಕೂಗಿಕೊಂಡಿತು. ಮುದುಕರು ಅತ್ತರು. ಆ ಗುಂಪನ್ನು ಸೀಳಿಕೊಂಡು, ಸೊಂಟಕ್ಕೆ ಬಟ್ಟೆ ಸಿಕ್ಕಿಸಿ, ತಲೆಯ ಮೇಲಿನ ಬೋಗುಣಿ ಕೈಗೆ ತೆಗೆದುಕೊಂಡು ಒಬ್ಬಳು ಓಡಿದಳು. ಸೆಫಾಕೋರ್! ತಾನೇ ಲಾರಿಯಿಂದ ಇಳಿಸಿ, ತಾನೇ ಎಣಿಸಿಕೊಟ್ಟ ಮೀನಿನ ಕಡೆಗೆ, ಪಕ್ಕದವಳನ್ನು ಮೊಣಕೈಯಿಂದ ತಿವಿದುಕೊಂಡು, "ನಂದು, ನಂದು!" ಎಂದು ಕಿರುಚುತ್ತ. ಚೀಲದ ಬಳಿ ಮಂಡಿಯೂರಿ ಎರಡು ಕೈಯಲ್ಲಿ ಮೀನೆತ್ತಿದಳು. ಆಗ ಅದರ ತಣುಪು ಕೈಗೆ ತಾಗಿರಬೇಕು. ಹಾಗೆಯೇ ಕೂತುಬಿಟ್ಟಳು. ನಾನು ಮುಖ ಬೇರೆ ಕಡೆ ತಿರುಗಿಸಿಕೊಂಡೆ. ನಮ್ಮ ಊರಿನ ಬಗ್ಗೆ ನನಗಿರುವ ತಾತ್ಸಾರವೆಲ್ಲ ಆ ಒಂದು ಗಳಿಗೆ ಎಲ್ಲೋ ಹೋಗಿತ್ತು. ಗಾಮೆಲಿ ಬಾಯಿ ತೆರೆದ ಮೇಲೆ ಸುರಕ್ಷಿತವಾಗಿ ಮರಳಿತು.

ಯಾಯ್ರಾ ಬಗ್ಗಿ ಒಂದು ಬಂಗಡೆ ಮುಟ್ಟಿ, "ಇಷ್ಟು ತಣ್ಣಗಿದೆಯಲ್ಲ?" ಎಂದಿದ್ದಳು.

"ಆಳದ ನೀರು ತಾಯಿ," ಎಂದ ಗಾಮೆಲಿ ಗಂಭೀರವಾಗಿ. "ನಮ್ಮೋರು ತುಂಬಾ ಆಳಕ್ಕೆ ಹೋಗ್ತಾರೆ."

"ಒದ್ದಾಡ್ತಾನೂ ಇಲ್ಲ."

"ನಮ್ಮೂರಿನ ಮೀನಿಗೆ ಮರ್ಯಾದೆ ಗೊತ್ತು," ಎಂದ ಸೆಲೋಮ್.

ಊಟ ಮುಗಿಸಿ ಹೊರಡುವ ಮುಂಚೆ ಯಾಯ್ರಾ ಒಬ್ಬಳೇ ಹೊಗೆ ಒಲೆಗಳ ಅಂಗಳಕ್ಕೆ ಬಂದಳು. ನನ್ನ ಮಗ್ಗ ಅಷ್ಟರಲ್ಲಿ ನೆರಳಿಗೆ ಮರಳಿತ್ತು, ಕಿವಿಯೂ ಇತ್ತು. ಹೊಗೆ ಹಾಕಿದ ಮೀನು ಒಂದಿಷ್ಟು ಕೊಂಡು ಎಲೆಯಲ್ಲಿ ಕಟ್ಟಿಸಿಕೊಳ್ಳುತ್ತ, "ಯಾವ ಗೋದಾಮಿಂದ ತರ್ತೀರಿ ದಾವಿ? ನಮ್ಮ ಚಿಕ್ಕಮ್ಮನೂ ತೆಮಾದಿಂದಲೇ ತರೋದು" ಎಂದಳು.

ಸೆಫಾಕೋರ್ ಸುಳ್ಳು ಹೇಳಲಿಲ್ಲ. "ಬಂದರಿನ ಹಿಂದಿನ ಗೇಟು. ಅಲ್ಲಿ ಪೆಟ್ಟಿಗೆ ಒಡೆದಿರಲ್ಲ," ಎಂದಳು.

"ಮೀನಿಲ್ಲ ಅಂತ ಹೇಳಿದ್ರೆ ಆಗ್ತಿತ್ತಲ್ಲ? ಇಲ್ಲದೋರಿಗೆ ಕೊಡೋಕೇ ತಾನೇ ನಾವು ಬಂದಿದ್ದು."

"ನಮ್ಮ ಗಂಡಸರು ಉಪವಾಸ ಸತ್ತಾರು. ಇಲ್ಲ ಅನ್ನೋ ಮಾತು ಮಾತ್ರ ಅವರ ಬಾಯಿಂದ ಬರಲ್ಲ, ತಾಯಿ."

"ನಿಮ್ಮ ಬಾಯಿಂದ?"

ಸೆಫಾಕೋರ್ ಇನ್ನೆರಡು ಮೀನು ಪುಕ್ಕಟೆಯಾಗಿ ಎಲೆಗೆ ಸೇರಿಸಿದಳು. ಅವಳು ಪುಕ್ಕಟೆ ಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲ ಸಲ.

ಮಳೆ ಶುರುವಾಗುವ ಹೊತ್ತಿಗೆ ತೀರ್ಮಾನ ಬಂತು. ನಿಜ ಗೊತ್ತಿದ್ದರೂ ಯಾಯ್ರಾ ನಾವು ತೋರಿಸಿದ್ದನ್ನೇ ಬರೆದಿದ್ದಳು. ಆಗೊಕೋಪೆ ಸಮೃದ್ಧ ಊರು. ಉಪ್ಪು, ಈರುಳ್ಳಿ, ನೇಯ್ಗೆ, ಮೀನು, ಯಾವುದಕ್ಕೂ ಕೊರತೆಯಿಲ್ಲ. ಸಹಾಯದ ಅಗತ್ಯ ಕಾಣುವುದಿಲ್ಲ. ಕ್ಪೋಟಾದಲ್ಲಿ ಅಧಿಕಾರಿಗಳ ಎದುರು ಬಲೆ ಖಾಲಿ ಬಂದಿತ್ತು, ಅಲ್ಲಿಯ ಜನ ತಲೆ ಮೇಲೆ ಕೈಹೊತ್ತು ಕೂತಿದ್ದರು. ಕಟ್ಟೆಯೂ ಐಸ್ ಮನೆಯೂ ಅವರಿಗೆ. ಸಾಲದ್ದಕ್ಕೆ, ಇಷ್ಟು ಮೀನು ಸಿಗುವ ಊರಿನ ಬಲೆಗಳಿಗೆ ಸುಂಕ ಏರಿಸಬಹುದೆಂಬ ಸಲಹೆಯೂ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದವರಿಗೆ ಹೂವಿನ ಬೆಲೆ ಕೊಡಿ ಎಂದರು, ಅಷ್ಟೆ.

ಮೀನುಗಾರರ ಸಭೆ ಸೇರಿತು. ಕೊಟ್ಟ ಮಾತಿನಂತೆ ಸೆಫಾಕೋರಳಿಗೆ ಅಪ್ಪನ ಪೀಠ ಹಾಕಿದ್ದರು. ಅವಳು ಒಳ್ಳೆಯ ಬಟ್ಟೆ ಉಟ್ಟು, ಕಿವಿಗೆ ಅಮ್ಮನ ಚಿನ್ನ ಹಾಕಿಕೊಂಡು ಬಂದು ಕೂತಳು. ಅವಳು ಕೂರುವುದನ್ನೇ ಕಾಯುತ್ತಿದ್ದವನಂತೆ ಸೆಲೋಮ್ ಎದ್ದ.

"ತಪ್ಪು ಎಲ್ಲಾಯ್ತು ಅಂತ ನೋಡಿದ್ರೆ, ಮೀನು ಜಾಸ್ತಿ ಆಯ್ತು. ಸ್ವಲ್ಪ ಬೇಕು ಅಂದಿದ್ದೆ. ಇವರು ಪೆಟ್ಟಿಗೆ ಮೇಲೆ ಪೆಟ್ಟಿಗೆ ಸುರಿದ್ರು."

"ಅದೂ ಕೊಬ್ಬಿದ ಮೀನು," ಎಂದ ಗಾಮೆಲಿ. "ಸಣ್ಣ ಮೀನು ಕೊಟ್ಟಿದ್ರೆ ಬಡವರ ಹಾಗೆ ಕಾಣ್ತಿದ್ವಿ. ಹೆಂಗಸಿಗೆ ಪೀಠ ಕೊಟ್ರೆ ಹೀಗೇ."

ಸುತ್ತ ಕೂತವರು ಹೌದು ಹೌದು ಎಂದರು. ಸಭೆಗೆ ಸಾರಾಯಿ ಹಂಚಲು ನನ್ನನ್ನೂ ಕರೆದಿದ್ದರು. ನಾನು ಲೋಟ ಹಿಡಿದು ನಿಂತು ಅವಳ ಮುಖ ನೋಡಿದೆ. ಇಷ್ಟು ವರ್ಷ ಆ ಪೀಠದ ಮೇಲೆ ಏನು ಇದೆ ಎಂದುಕೊಂಡಿದ್ದಳೋ, ಅದು ಇಷ್ಟೇ ಎಂದು ತಿಳಿದವಳ ಮುಖ. ಕೋಪ ಸಹ ಇರಲಿಲ್ಲ. ಹೆಚ್ಚೆಂದರೆ, ಸಂತೆಯಲ್ಲಿ ಕೊಳೆತ ಬುಟ್ಟಿಯ ಮುಚ್ಚಳ ತೆರೆದು ನೋಡಿದ ಹಾಗೆ ಮೂಗು ಸ್ವಲ್ಪ ಮೇಲೆ ಹೋಗಿತ್ತು.

ನಿಧಾನವಾಗಿ ಎದ್ದಳು. "ನಮ್ಮಪ್ಪ ಇದರ ಮೇಲೆ ಕೂತಾಗ ಅವನ ಕಾಲು ಒದ್ದೆ ಇರ್ತಿತ್ತು," ಎಂದಳು. "ಸಮುದ್ರದಿಂದ ನೇರ ಬರೋನು. ಇಲ್ಲಿ ಯಾರ ಕಾಲಾದ್ರೂ ಒದ್ದೆ ಇದ್ಯಾ? ತೋರ್ಸಿ ನೋಡಣ." ಯಾರೂ ಕಾಲು ತೋರಿಸಲಿಲ್ಲ. ಸೆಲೋಮ್ ಕೂತು ಬೂಟನ್ನು ಪೀಠದ ಕೆಳಕ್ಕೆ ಎಳೆದುಕೊಂಡ. "ಒಂದು ಊರು ಪೂರ್ತಿ ಸೇರಿ ಇಲ್ಲ ಅನ್ನೋಕೆ ನಾಚ್ಕೊಂಡ್ರಿ. ನಾನೂ ನಿಮ್ ಜೊತೆ ಸೇರಿದೆ, ಈ ಮರದ ತುಂಡಿನ ಆಸೆಗೆ. ನನ್ನ ಬುದ್ಧಿಗೆ ಮೆಟ್ಟಲ್ಲಿ ಹೊಡ್ಕೋಬೇಕು. ಒಲೇಲಿ ಬೆಂಕಿ ಆರ್ತಾ ಇದೆ, ಬರ್ತೀನಿ."

ಹೋದಳು. ಅವಳು ಹೋದ ಮೇಲೆ ಸಭೆ ಸಂಜೆವರೆಗೆ ನಡೆಯಿತು. ಅವಳಿಗೆ ದಂಡ ಹಾಕಬೇಕೆಂದು ತೀರ್ಮಾನಿಸಿದರು. ವಸೂಲಿಗೆ ಯಾರು ಹೋಗಬೇಕು ಎಂಬ ಮಾತು ಬಂದಾಗ ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.

ಕ್ಪೋಟಾದ ಐಸ್ ಮನೆ ಕಟ್ಟಿ ಮುಗಿಯಿತು. ಸೊಗಸಾದ ಕಟ್ಟಡ, ಒಳಗೆ ಐಸು; ಅಲ್ಲಿ ಇಡಲು ಮೀನು ಮಾತ್ರ ಕ್ಪೋಟಾದವರ ಬಳಿಯೂ ಇರಲಿಲ್ಲ. ಖಾಲಿ ತಣ್ಣನೆಯ ಕೋಣೆಗಳನ್ನು ಇಟ್ಟುಕೊಂಡು ಕೂತಿದ್ದವರು ಒಂದು ದಿನ ದೋಣಿಯಲ್ಲಿ ಸರೋವರ ದಾಟಿ ಸೆಫಾಕೋರಳ ಅಂಗಳಕ್ಕೆ ಬಂದರು. ಅವರು ಬಂದ ಕೂಡಲೇ ಹೇಳಿದ್ದು, "ನಮ್ಮತ್ರ ಮೀನಿಲ್ಲ ದಾವಿ, ಏನ್ಮಾಡೋದು?" ಅವಳು ಅವರಿಗೆ ಕೂರಲು ಮಣೆ ಹಾಕಿದಳು.

ಈಗ ತೆಮಾದ ಲಾರಿ ನೇರ ಕ್ಪೋಟಾಕ್ಕೆ ಹೋಗುತ್ತದೆ. ಅವಳ ಒಲೆಗಳೂ ಅಲ್ಲೇ. ಅವಳ ಹಿಂದೆ ನಮ್ಮೂರಿನ ಅರ್ಧ ಹೆಂಗಸರು ಹೋದರು, ಅವರ ಹಿಂದೆ ವ್ಯಾನುಗಳು ನಿಲ್ಲುವ ಜಾಗವೂ ಹೋಯಿತು. ಗಾಮೆಲಿ ಸುಂಕಕ್ಕೆ ಹೆದರಿ ಬಲೆಯನ್ನು ತುಂಡು ತುಂಡಾಗಿ ಈರುಳ್ಳಿಯವರಿಗೆ ಮಾರಿದ. ಅದು ಪಾತಿಗಳ ಸುತ್ತ ಆಡು ಬಾರದಂತೆ ಬೇಲಿಯಾಗಿ ನಿಂತಿದೆ. ಬಲೆಯ ಇತಿಹಾಸದಲ್ಲಿ ಅದು ಮಾಡಿದ ಅತ್ಯುತ್ತಮ ಕೆಲಸ ಇದೇ ಎಂದು ಈರುಳ್ಳಿಯವರು ಹೇಳುತ್ತಾರೆ. ಸೆಲೋಮ್ ಮತ್ತೆ ಗೆದ್ದ. ಯಾರೂ ಎದುರು ನಿಲ್ಲಲಿಲ್ಲ.

ಕಳೆದ ತಿಂಗಳು ನೂಲು ಕೊಳ್ಳಲು ಕ್ಪೋಟಾಕ್ಕೆ ಹೋಗಿದ್ದೆ. ಸೆಫಾಕೋರಳಿಗೆ ಮಂಡಿ ಹಿಡಿದಿದೆ, ಹೊಗೆ ಎದೆಗಿಳಿದಿದೆ. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾಳೆ. ಸಿಕ್ಕ ಆ ಬಿಡುವಿನಲ್ಲಿ ಮುಂದಿನ ಬೈಗುಳ ಯೋಚಿಸಿಟ್ಟುಕೊಳ್ಳುತ್ತಾಳೆ. ಕೈಕೆಳಗಿನವರಿಗೆ ಈಗಲೂ ತಲೆಗಳೇ. ನನ್ನನ್ನು ಕಂಡು, "ನಮ್ಮೂರೋರು ಹೇಗಿದಾರೆ ಡೋಟ್ಸೆ?" ಎಂದಳು.

"ಮಧ್ಯಾಹ್ನದ ಹೊತ್ತು ಕೂತಿರ್ತಾರೆ," ಎಂದೆ.

"ಬೆಳಿಗ್ಗೆ?"

"ಮಧ್ಯಾಹ್ನಕ್ಕೆ ಜಾಗ ಹಿಡೀತಾರೆ."

ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಕಣ್ಣೊರೆಸಿಕೊಂಡು, ಮಣೆಯನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿ, ಅಡುಗೆಯವಳನ್ನು ಕೂಗಿ ನನಗೊಂದು ತಟ್ಟೆ ಹಾಕಿಸಿದಳು.